ಸ್ಟಾಪ್: ಹಳೇ ಕ್ಯಾಮೆರಾದ ಸೇರು, ಅಚ್ಚೇರು, ಪಾವು

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ತೆಗೆದ ನನ್ನ ಮೊದಲ ರೋಲನ್ನು ಚಿಕ್ಕಬಳ್ಳಾಪುರದ ಹಿರಿಯರೊಬ್ಬರಿಗೆ ತೋರಿಸಿದೆ. ಹಿಂದೆ ಸ್ಟುಡಿಯೊ ನಡೆಸುತ್ತಿದ್ದವರು. ನೆಗೆಟಿವ್ ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಸ್ವಲ್ಪ ಹೊತ್ತು ನೋಡಿ, "ಎರಡು ಸ್ಟಾಪ್ ಕಮ್ಮಿ ಬಿದ್ದಿದೆ ಕಣಪ್ಪ" ಅಂದರು. ಗೂಡಿನ ರಾಶಿ ಹಿಂದೆ ನಿಂತಿದ್ದ ರೈತರ ಮುಖ ಇರಬೇಕಾದ ಕಡೆ ಏನೂ ಇರಲಿಲ್ಲ, ನೆಗೆಟಿವ್ ಗಾಜಿನ ಹಾಗೆ ಖಾಲಿ. ನನಗೆ ಶಟರ್ ಸ್ಪೀಡ್ (ಬೆಳಕು ಎಷ್ಟು ಹೊತ್ತು ಒಳಗೆ ಬರುತ್ತದೆ) ಗೊತ್ತಿತ್ತು, ಅಪರ್ಚರ್ (ಲೆನ್ಸಿನ ತೂತು ಎಷ್ಟು ಅಗಲ) ಗೊತ್ತಿತ್ತು, ಐಎಸ್‌ಒ (ಫಿಲ್ಮ್ ಎಷ್ಟು ಬೇಗ ಬೆಳಕು ಹಿಡಿಯುತ್ತದೆ) ಗೊತ್ತಿತ್ತು. ಈ ಮೂರನ್ನೂ ಒಂದೇ ದಾರದಲ್ಲಿ ಕಟ್ಟುವ 'ಸ್ಟಾಪ್' ಅನ್ನುವ ಪದ ಮಾತ್ರ ಗೊತ್ತಿರಲಿಲ್ಲ. ಹಳೇ ಮ್ಯಾನ್ಯುಯಲ್ ಕ್ಯಾಮೆರಾ ಹಿಡಿಯುವವರು ಮೊದಲು ಕಲಿಯಬೇಕಾದ ಪದ ಇದೇ ಅಂತ ನನಗೆ ಈಗ ಅನ್ನಿಸುತ್ತದೆ.

ಅವರು ಇದನ್ನು ಹೇಳಿಕೊಟ್ಟಿದ್ದು ಅಡುಗೆಮನೆಯ ಅಳತೆಯಲ್ಲಿ. ಸೇರಿನಲ್ಲಿ ಅರ್ಧ ಅಚ್ಚೇರು. ಅಚ್ಚೇರಿನಲ್ಲಿ ಅರ್ಧ ಪಾವು. ಪಾವಿನಲ್ಲಿ ಅರ್ಧ ಅರೆಪಾವು, ಅದರಲ್ಲರ್ಧ ಚಟಾಕು. ಒಂದೊಂದು ಮೆಟ್ಟಿಲು ಇಳಿದಾಗಲೂ ಅಳತೆ ಅರ್ಧ ಆಗುತ್ತದೆ, ಒಂದೊಂದು ಮೆಟ್ಟಿಲು ಹತ್ತಿದಾಗಲೂ ಎರಡರಷ್ಟು ಆಗುತ್ತದೆ. ಬೆಳಕಿನ ಲೆಕ್ಕದಲ್ಲಿ ಆ ಒಂದು ಮೆಟ್ಟಿಲಿಗೆ ಸ್ಟಾಪ್ ಅಂತ ಹೆಸರು. ಹಾಗಾಗಿ ಸೇರಿನಿಂದ ಚಟಾಕಿಗೆ ನಾಲ್ಕು ಸ್ಟಾಪ್, ಅಂದರೆ ಹದಿನಾರರಲ್ಲಿ ಒಂದು ಪಾಲು. ನಾಲ್ಕರಲ್ಲಿ ಒಂದು ಪಾಲಲ್ಲ, ಇಲ್ಲೇ ಜಾಸ್ತಿ ಜನ ಎಡವುವುದು.

ಪದ ಬಂದ ದಾರಿಯೂ ಚೆನ್ನಾಗಿದೆ. ಸ್ಟಾಪ್ ಅಂದರೆ ಇಲ್ಲಿ 'ತಡೆ'. ಲೆನ್ಸಿನೊಳಗೆ ಬರುವ ಬೆಳಕನ್ನು ತಡೆಯುವ ವಸ್ತುವಿಗೇ ಆ ಹೆಸರಿತ್ತು. 1858ರಲ್ಲಿ ಇಂಗ್ಲೆಂಡಿನ ಜಾನ್ ವಾಟರ್‌ಹೌಸ್ ಅನ್ನುವವರು ಒಂದು ಉಪಾಯ ಮಾಡಿದರು. ಲೆನ್ಸಿನ ಕೊಳವೆಯಲ್ಲಿ ಒಂದು ಸೀಳು, ಅದರೊಳಗೆ ಇಳಿಸಲು ತೆಳ್ಳನೆ ಲೋಹದ ತಗಡುಗಳು, ಒಂದೊಂದು ತಗಡಿನಲ್ಲಿ ಒಂದೊಂದು ಅಳತೆಯ ತೂತು. ಬೆಳಕು ಕಮ್ಮಿ ಬೇಕಾದರೆ ಸಣ್ಣ ತೂತಿನ ತಗಡು ಹಾಕುವುದು. ಈಗ ಲೆನ್ಸಿನೊಳಗೇ ರೆಕ್ಕೆಗಳಿವೆ, ಹೊರಗಿನ ಉಂಗುರ ತಿರುಗಿಸಿದರೆ ಸಾಕು, ಆದರೆ ಹೆಸರು ಹಾಗೇ ಉಳಿದುಕೊಂಡಿತು. ಆಮೇಲೆ ಶಟರಿಗೂ ಫಿಲ್ಮಿಗೂ ಅದೇ ಹೆಸರು ಹಬ್ಬಿತು.

ಶಟರ್ ಡಯಲ್ ನೋಡಿದರೆ ಅರ್ಧ ಅರ್ಧ ಆಗುವುದು ಕಣ್ಣಿಗೇ ಕಾಣುತ್ತದೆ. ನನ್ನ ಹತ್ತಿರ ಇರುವುದು ಪೆಂಟಾಕ್ಸ್ ಕೆ1000. ಅದರಲ್ಲಿ 1000, 500, 250, 125, 60, 30 ಅಂತ ಇಳಿಯುತ್ತದೆ. 125 ಅಂದರೆ ಸೆಕೆಂಡಿನ 125ನೇ ಒಂದು ಭಾಗ. ಫಿಲ್ಮಿನ ಐಎಸ್‌ಒ ಕೂಡ ಹಾಗೇ: 100, 200, 400, ಒಂದೊಂದಕ್ಕೂ ಒಂದು ಸ್ಟಾಪ್.

ತಲೆ ಕೆಡಿಸುವುದು ಅಪರ್ಚರ್. 2, 2.8, 4, 5.6, 8, 11, 16. ಇದರಲ್ಲಿ ಅರ್ಧ ಎಲ್ಲಿದೆ ಅಂತ ನಾನು ಬಹಳ ದಿನ ಹುಡುಕಿದ್ದೇನೆ. ಈ ಅಂಕಿ ಬರುವುದು ಲೆನ್ಸಿನ ಫೋಕಲ್ ಲೆಂಗ್ತನ್ನು (ಲೆನ್ಸಿನ ಮೇಲೆ ಬರೆದಿರುವ ಮಿಲಿಮೀಟರ್ ಅಂಕಿ) ತೂತಿನ ಅಗಲದಿಂದ ಭಾಗಿಸಿದಾಗ. 50 ಮಿಲಿಮೀಟರ್ ಲೆನ್ಸಿನಲ್ಲಿ 2 ಅಂದರೆ ತೂತು 25 ಮಿಲಿಮೀಟರ್, 4 ಅಂದರೆ ಹನ್ನೆರಡೂವರೆ. ಅಂಕಿ ದೊಡ್ಡದಾದಷ್ಟೂ ತೂತು ಚಿಕ್ಕದು. ಅಗಲ ಅರ್ಧ ಆಯಿತು, ಹಾಗಾದರೆ ಬೆಳಕೂ ಅರ್ಧ ಆಯಿತಾ? ಇಲ್ಲ. ರಾಗಿ ರೊಟ್ಟಿ ತಟ್ಟುವವರನ್ನು ಕೇಳಿ: ಅದೇ ದಪ್ಪದಲ್ಲಿ ಎರಡರಷ್ಟು ಅಗಲದ ರೊಟ್ಟಿ ಬೇಕಾದರೆ ಎರಡು ಉಂಡೆ ಸಾಲದು, ನಾಲ್ಕು ಉಂಡೆ ಹಿಟ್ಟು ಬೇಕು. ತೂತಿನದೂ ಅದೇ ಕಥೆ. ಅಗಲ ಅರ್ಧ ಆದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ, ಅಂದರೆ ಎರಡು ಸ್ಟಾಪ್. 2ಕ್ಕೂ 4ಕ್ಕೂ ನಡುವೆ ಒಂದು ಮೆಟ್ಟಿಲು ಬೇಕಲ್ವಾ, ಅದೇ 2.8. ಒಂದು ಬಿಟ್ಟು ಒಂದು ಓದಿ ನೋಡಿ, 2, 4, 8, 16 ಅಂತ ಸಿಗುತ್ತದೆ.

ಇಷ್ಟು ಗೊತ್ತಾದ ಮೇಲೆ ಚೌಕಾಸಿ ಶುರು. ಒಂದು ಕಡೆ ಒಂದು ಸ್ಟಾಪ್ ಕೊಟ್ಟರೆ ಇನ್ನೊಂದು ಕಡೆ ಒಂದು ಸ್ಟಾಪ್ ತೆಗೆಯಬಹುದು, ಫಿಲ್ಮಿಗೆ ಬೀಳುವ ಬೆಳಕು ಅಷ್ಟೇ ಇರುತ್ತದೆ. ಒಳ್ಳೇ ಬಿಸಿಲಿಗೆ ಹಳಬರ ಒಂದು ಲೆಕ್ಕ ಇದೆ: ಅಪರ್ಚರ್ 16ಕ್ಕೆ ಇಟ್ಟು, ಶಟರನ್ನು ಫಿಲ್ಮಿನ ಐಎಸ್‌ಒ ಹತ್ತಿರದ ಅಂಕಿಗೆ ಇಡಿ. 400ರ ಫಿಲ್ಮಿಗೆ 16, 1/500. ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನದ ಅಂಗಳಕ್ಕೆ ಮಧ್ಯಾಹ್ನ ಇದು ಸರಿಯಾಗಿ ಕೂರುತ್ತದೆ. ಅದೇ 1/500ರಲ್ಲಿ ಪಕ್ಕದ ಕಲ್ಯಾಣಿಯ ಸುತ್ತಲಿನ ಸಾಲುಕಂಬಗಳ ನೆರಳಿಗೆ ಹೋದರೆ ಸಾಮಾನ್ಯವಾಗಿ ಮೂರು ಸ್ಟಾಪ್ ತೆರೆಯುತ್ತೇನೆ: 11, 8, 5.6. ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ನೋಡುವುದಕ್ಕೆ ಮೊದಲು ಇದನ್ನು ಮನಸ್ಸಿನಲ್ಲೇ ಎಣಿಸುವುದು ನನಗೆ ಈಗ ಅಭ್ಯಾಸ ಆಗಿದೆ.

ಮತ್ತೆ ಆ ಗೂಡಿನ ರಾಶಿಗೆ ಬರೋಣ, ನಾನು ನಿಜವಾಗಿ ಕಲಿತದ್ದು ಅಲ್ಲಿ. ಕೆ1000ರ ಒಳಗೆ ಮೀಟರಿನ ಒಂದು ಮುಳ್ಳಿದೆ, ಅದು ನಡುವಿಗೆ ಬಂದರೆ ಸರಿ ಅಂತ ಎಲ್ಲರೂ ಹೇಳುತ್ತಾರೆ. ನಾನೂ ರಾಶಿಗೆ ಹಿಡಿದು ನಡುವಿಗೆ ತಂದಿದ್ದೆ. ಆದರೆ ಎದುರಿಗಿರುವುದು ಬಿಳಿಯೋ ಕಪ್ಪೋ ಅಂತ ಮುಳ್ಳಿಗೆ ತಿಳಿಯುವುದಿಲ್ಲ. ಏನೇ ತೋರಿಸಿದರೂ ಅದನ್ನು ನಡು ಬೂದು ಬಣ್ಣ ಅಂತಲೇ ಲೆಕ್ಕ ಹಾಕುತ್ತದೆ. ಫೋಟೊದವರು ನಡು ಬೂದು ಅಂತ ಹಿಡಿಯುವುದು ಬಿದ್ದ ಬೆಳಕಿನಲ್ಲಿ ಶೇಕಡ 18ರಷ್ಟನ್ನು ಹಿಂದಕ್ಕೆ ಕಳಿಸುವ ಬಣ್ಣವನ್ನು. 18ರ ಎರಡರಷ್ಟು 36, ಅದರ ಎರಡರಷ್ಟು 72. ಬಿಳಿ ಗೂಡು ಆ ಕೊನೆಯ ಅಂಕಿಯ ಆಸುಪಾಸಿನದು, ಅಂದರೆ ಬೂದಿಗಿಂತ ಎರಡು ಸ್ಟಾಪ್ ಮೇಲೆ. ಅಷ್ಟು ಬೆಳಕನ್ನು ಕಂಡ ಮೀಟರ್ ಎರಡು ಸ್ಟಾಪ್ ಮುಚ್ಚಿಸಿತು. ರಾಶಿ ಹೇಗೋ ಬಂತು, ಹಿಂದೆ ನೆರಳಲ್ಲಿದ್ದ ಮುಖಕ್ಕೆ ಬೆಳಕೇ ಸಿಗಲಿಲ್ಲ. ಆ ಹಿರಿಯರು ಬರಿಗಣ್ಣಲ್ಲಿ ನೋಡಿ ಹೇಳಿದ ಎರಡು ಸ್ಟಾಪ್ ಇದೇ.

ಮುಂದಿನ ಸಲ ಹೋದಾಗ ರಾಶಿಗೆ ಹಿಡಿದರೆ ಮುಳ್ಳು 1/60ಕ್ಕೆ 4 ಅಂತ ತೋರಿಸಿತು. ನಾನು 2ಕ್ಕೆ ತೆರೆದು ತೆಗೆದೆ. ಹಳದಿ ಗೂಡಾದರೆ ಅಷ್ಟು ಬೇಡ, ಒಂದು ಸ್ಟಾಪ್ ಸಾಕಾಗುತ್ತದೆ. ದೇವಸ್ಥಾನದ ಒಳಗಿನ ಕರಿಕಲ್ಲಿನ ಕಂಬಗಳಿಗೆ ಇದು ಉಲ್ಟಾ: ಮೀಟರ್ ಕಪ್ಪನ್ನು ಬೂದು ಮಾಡಲು ನೋಡುತ್ತದೆ, ಆದ್ದರಿಂದ ಒಂದು ಸ್ಟಾಪ್ ಮುಚ್ಚಬೇಕು. ಅನುಮಾನ ಬಂದರೆ ಅದೇ ಬೆಳಕಿನಲ್ಲಿ ನಿಮ್ಮ ಅಂಗೈ ಹಿಡಿದು ಮೀಟರ್ ನೋಡಿ, ಒಂದು ಸ್ಟಾಪ್ ಜಾಸ್ತಿ ಕೊಡಿ. ಅಂಗೈ ನಡು ಬೂದಿಗಿಂತ ಹೆಚ್ಚುಕಮ್ಮಿ ಒಂದು ಸ್ಟಾಪ್ ಬಿಳಿ.

ತಪ್ಪಿದರೆ ಎಷ್ಟು ತಪ್ಪಬಹುದು ಅನ್ನುವುದನ್ನೂ ಸ್ಟಾಪಿನಲ್ಲೇ ಹೇಳುತ್ತಾರೆ. ನೆಗೆಟಿವ್ ಫಿಲ್ಮು, ಕಲರ್ ಆಗಲಿ ಕಪ್ಪು ಬಿಳುಪಾಗಲಿ, ಎರಡು ಸ್ಟಾಪ್ ಜಾಸ್ತಿ ಬಿದ್ದರೂ ತಡೆದುಕೊಳ್ಳುತ್ತದೆ. ಕಮ್ಮಿ ಬಿದ್ದರೆ ಮಾತ್ರ ಕಷ್ಟ, ಫಿಲ್ಮಿನ ಮೇಲೆ ಬೀಳದೇ ಇದ್ದದ್ದನ್ನು ಆಮೇಲೆ ಎಲ್ಲಿಂದ ತರುವುದು? ಅದಕ್ಕೇ ಅನುಮಾನ ಇದ್ದಾಗ ಜಾಸ್ತಿ ಕಡೆಗೇ ವಾಲಿ. ಸ್ಲೈಡ್ ಫಿಲ್ಮ್ (ನೆಗೆಟಿವ್ ಬದಲು ನೇರವಾಗಿ ಚಿತ್ರವೇ ಮೂಡುವ ಫಿಲ್ಮ್) ಇದಕ್ಕೆ ವಿರುದ್ಧ, ಅದರಲ್ಲಿ ಜಾಸ್ತಿ ಬಿದ್ದದ್ದು ಬೆಳ್ಳಗೆ ತೊಳೆದುಹೋಗುತ್ತದೆ, ಅರ್ಧ ಸ್ಟಾಪ್ ವ್ಯತ್ಯಾಸವೂ ಕಾಣುತ್ತದೆ. ಅಂಥ ಕಡೆ ಅರ್ಧ ಸ್ಟಾಪ್ ಬೇಕಾದರೆ ಅಪರ್ಚರ್ ಉಂಗುರವನ್ನು ಎರಡು ಅಂಕಿಗಳ ನಡುವೆ ನಿಲ್ಲಿಸಿ. ಶಟರ್ ಡಯಲನ್ನು ಮಾತ್ರ ನಡುವೆ ನಿಲ್ಲಿಸಬೇಡಿ, ಅದು ಅಂಕಿಯ ಮೇಲೇ ಕೂರಬೇಕು.