ಬೆಟ್ಟದ ಮೇಲಿನ ಊರಿಗೆ ಪೀಚ್ ಹಣ್ಣು ಎಲ್ಲಿಂದ ಬಂತು?

ಸಿಲ್ಕ್ ರೋಡ್ (ಚೀನಾದಿಂದ ಮಧ್ಯ ಏಷ್ಯಾ ದಾಟಿ ಪಶ್ಚಿಮಕ್ಕೆ ಹೋಗ್ತಿದ್ದ ಹಳೇ ವ್ಯಾಪಾರದ ದಾರಿ) ಅಂದ ತಕ್ಷಣ ನಮಗೆ ನೆನಪಾಗೋದು ಮರಳುಗಾಡು, ಒಂಟೆ ಸಾಲು, ಸಮರ್ಕಂದ್, ಬುಖಾರಾದಂಥ ಪಟ್ಟಣ ಅಷ್ಟೇ. ಬೆಟ್ಟದ ಕಡೆ ಇದ್ದೋರು ಕುರಿ, ಕುದುರೆ ಮೇಯಿಸ್ಕೊಂಡು ಅಲೆಯೋ ಜನ, ಅವರಿಗೂ ಊರಿಗೂ ಏನು ಸಂಬಂಧ ಅಂತಾನೇ ತುಂಬಾ ಜನ ಅಂದ್ಕೊಂಡಿದ್ರು. ಉಜ್ಬೇಕಿಸ್ತಾನದ ಬೆಟ್ಟಗಳಲ್ಲಿ, 2000 ಮೀಟರಿಗೂ ಎತ್ತರದಲ್ಲಿ ಸಿಕ್ಕಿರೋ ಎರಡು ಹಳೇ ಊರುಗಳು, ತಶ್‌ಬುಲಾಕ್ ಮತ್ತು ತುಗುನ್‌ಬುಲಾಕ್ ಈ ಲೆಕ್ಕಾನೇ ತಲೆಕೆಳಗು ಮಾಡಿವೆ.

2011ರಲ್ಲಿ ಪುರಾತತ್ವಜ್ಞರಾದ ಮೈಕೆಲ್ ಫ್ರಾಚೆಟ್ಟಿ, ಫರ್ಹೋದ್ ಮಕ್ಸುದೋವ್ ಅವರ ಟೀಮಿಗೆ ಮೊದಲು ಸಿಕ್ಕಿದ್ದು ತಶ್‌ಬುಲಾಕ್, ಸುಮಾರು 12 ಹೆಕ್ಟೇರ್. ಅಲ್ಲೇ ಹತ್ತಿರ ಇದ್ದ ಫಾರೆಸ್ಟ್ ಇಲಾಖೆಯವರೊಬ್ರು "ಇಂಥ ಮಡಕೆ ಚೂರು ನಮ್ಮ ಹಿತ್ತಲಲ್ಲೂ ಇದಾವೆ" ಅನ್ನೋ ಥರ ಹೇಳಿದ್ರಂತೆ, ಹೋಗಿ ನೋಡಿದ್ರೆ ಅವರ ಮನೆ ಇದ್ದಿದ್ದೇ ಹಳೇ ಕೋಟೆ ದಿಬ್ಬದ ಮೇಲೆ! ಅದು ತುಗುನ್‌ಬುಲಾಕ್, ತಶ್‌ಬುಲಾಕ್‌ನಿಂದ 5 ಕಿ.ಮೀ. ಅಷ್ಟೇ. 2022ರಲ್ಲಿ ಡ್ರೋನಿಗೆ ಲೈಡಾರ್ ಕಟ್ಟಿ ಹಾರಿಸಿದ್ರು, ಅಂದ್ರೆ ಮೇಲಿಂದ ಲೇಸರ್ ಬಿಟ್ಟು ನೆಲದ ಏರಿಳಿತ ಅಳೆಯೋದು, ಬರೀ ಹುಲ್ಲುಗಾವಲು ಥರ ಕಾಣ್ತಿದ್ದ ಜಾಗದಲ್ಲಿ ಗೋಡೆ, ಬೀದಿ, ಕಾವಲು ಗೋಪುರ ಎಲ್ಲಾ ಎದ್ದು ಕಂಡ್ವು. ಸುಮಾರು 120 ಹೆಕ್ಟೇರ್, 300ಕ್ಕೂ ಹೆಚ್ಚು ಕಟ್ಟಡ. 6ರಿಂದ 11ನೇ ಶತಮಾನದ ಊರು ಇದು, ಸಣ್ಣಪುಟ್ಟ ಸಂತೆ ಜಾಗ ಅಲ್ಲ.

ಅಷ್ಟು ಮೇಲೆ, ಆ ಚಳೀಲಿ, ಬೆಳೆ ಸರಿಯಾಗಿ ಬರದಿರೋ ಕಡೆ ಯಾಕಪ್ಪಾ ಊರು ಕಟ್ಟಿದ್ರು? ಕಬ್ಬಿಣಕ್ಕೆ. ಬೆಟ್ಟದಲ್ಲಿ ಒಳ್ಳೇ ಅದಿರು ಇದೆ, ಕುಲುಮೆಗೆ ಇದ್ದಿಲು ಬೇಕಂದ್ರೆ ಸುತ್ತ ಜುನಿಪರ್ ಮರದ ಕಾಡು, ಜೋರು ಗಾಳಿ ಬೇರೆ. ಅಗೆದು ನೋಡಿದಾಗ ದಪ್ಪ ಮಣ್ಣಿನ ಗೋಡೆಯ ಒಂದು ಕಟ್ಟಡದಲ್ಲಿ ಕಬ್ಬಿಣ ಕರಗಿಸೋ ಕೆಲಸದ ಗುರುತೇ ಸಿಕ್ತು.

ಪೇಪರ್‌ನೋರಿಗೆಲ್ಲಾ ಲೈಡಾರ್ ಮ್ಯಾಪೇ ಇಷ್ಟ ಆಯ್ತು, ಫೋಟೋ ಚೆನ್ನಾಗಿ ಬರುತ್ತಲ್ಲ. ನನಗೆ ಮಾತ್ರ, ಬೆಟ್ಟಕ್ಕೂ ಕೆಳಗಿನ ಪಟ್ಟಣಗಳಿಗೂ ನಂಟಿತ್ತು ಅನ್ನೋದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಅನ್ಸೋದು ತಶ್‌ಬುಲಾಕ್ ಮಣ್ಣಲ್ಲಿ ಸಿಕ್ಕ ಬೀಜಗಳು: ಸೇಬು, ದ್ರಾಕ್ಷಿ, ಪೀಚ್, ಏಪ್ರಿಕಾಟ್, ಕರಬೂಜ, ಅಕ್ರೋಟ್ ಸಿಪ್ಪೆ. 2018ರಲ್ಲಿ ಇದರ ವರದಿ ಬಂತು. ಪೀಚು ದ್ರಾಕ್ಷಿ ಎಲ್ಲಾ ಆ ಎತ್ತರದಲ್ಲಿ ಬೆಳೆಯೋ ಮಾತೇ ಇಲ್ಲ, ತಗ್ಗಿನ ತೋಟಗಳಿಂದ ಯಾರೋ ಹೇರ್ಕೊಂಡು ಹತ್ತಿಸಿರ್ಬೇಕು, ಅದೂ ಹೊಟ್ಟೆಪಾಡಿಗೆ ಬೇಕಾದ ಧಾನ್ಯ ಅಲ್ಲ, ಹಣ್ಣು! ಬೆಟ್ಟದೋರ ಕೈಲಿ ಕಾಸು ಓಡಾಡ್ತಿತ್ತು ಅಂತಾಯ್ತು, ಮತ್ತೆ ಕೆಳಗಿನ ಪಟ್ಟಣದೋರಿಗೆ ಇವರ ಕಬ್ಬಿಣ, ಕುರಿ, ಕುದುರೆ ಇಲ್ಲದೆ ನಡೀತಿರ್ಲಿಲ್ಲ.