ಟಿಜೆ ಪ್ರವೇಶದ ಕಿರುಪ್ರಬಂಧ: ಬರೆಸಿ ಬಾಯಿಪಾಠ ಮಾಡಿಸಬಹುದೇ?

ಪ್ರಶ್ನೆ: ನಾವು ವರ್ಜೀನಿಯಾದ ಆಶ್‌ಬರ್ನ್‌ನಲ್ಲಿದ್ದೇವೆ. ಮಗಳು 8ನೇ ತರಗತಿ. ವಿಜ್ಞಾನ, ತಂತ್ರಜ್ಞಾನಕ್ಕೆ ಹೆಸರಾದ ಥಾಮಸ್ ಜೆಫರ್ಸನ್ ಹೈಸ್ಕೂಲಿಗೆ (ಟಿಜೆ) ಅರ್ಜಿ ಹಾಕುತ್ತಾಳೆ. ನಾಲ್ಕೈದು ಪ್ರಬಂಧ ಬರೆಸಿ, ತಿದ್ದಿ, ಬಾಯಿಪಾಠ ಮಾಡಿಸಿ ಅಂತ ಪರಿಚಯದವರು ಹೇಳುತ್ತಾರೆ. ಹಾಗೆ ಮಾಡಬಹುದೇ?

ಉತ್ತರ: ದಯವಿಟ್ಟು ಬೇಡ. ಬಾಯಿಪಾಠದ ಪ್ರಬಂಧ ಕೈಕೊಡುವುದೇ ಹೆಚ್ಚು. "ನೀನು ಅಭಿಪ್ರಾಯ ಬದಲಿಸಿಕೊಂಡ ಸಂದರ್ಭ ಹೇಳು" ಎಂದು ಕೇಳಿದ್ದರೂ ಮಕ್ಕಳು ಕಲಿತಿಟ್ಟ ನಾಯಕತ್ವದ ಪ್ರಬಂಧವನ್ನೇ ಬರೆದು ಬರುತ್ತಾರೆ. ಭಾಷೆ ಎಷ್ಟೇ ಚೆನ್ನಾಗಿರಲಿ, ಕೇಳಿದ್ದಕ್ಕೆ ಉತ್ತರ ಅಲ್ಲಿರುವುದಿಲ್ಲ.

ಟಿಜೆಯಲ್ಲಿ ಬರವಣಿಗೆಗೆ ಇಷ್ಟು ತೂಕ ಬಂದದ್ದು 2020ರ ನಂತರ. ಈ ಶಾಲೆಯನ್ನು ನಡೆಸುವ ಫೇರ್‌ಫ್ಯಾಕ್ಸ್ ಕೌಂಟಿಯ ಸ್ಕೂಲ್ ಬೋರ್ಡ್ ಆಗ ಪ್ರವೇಶ ಪರೀಕ್ಷೆಯನ್ನೂ 100 ಡಾಲರ್ ಶುಲ್ಕವನ್ನೂ ಕೈಬಿಟ್ಟಿತು. ಶಿಕ್ಷಕರ ಶಿಫಾರಸು ಪತ್ರವೂ ಹೋಯಿತು. ಹೊಸ ಪದ್ಧತಿಯಲ್ಲಿ ಕನಿಷ್ಠ 3.5 ಜಿಪಿಎ (ಶಾಲೆಯ ಗ್ರೇಡುಗಳ ಸರಾಸರಿ) ಇರಬೇಕು. ಅದರ ಜೊತೆಗೆ ಎರಡು ಬರಹ: ತನ್ನ ಬಗ್ಗೆ ಬರೆಯುವ 'ಸ್ಟೂಡೆಂಟ್ ಪೋರ್ಟ್ರೇಟ್ ಶೀಟ್' ಮತ್ತು ಗಣಿತ ಅಥವಾ ವಿಜ್ಞಾನದ ಸಮಸ್ಯೆ ಬಿಡಿಸಿ ವಿವರಿಸುವ 'ಪ್ರಾಬ್ಲಮ್ ಸಾಲ್ವಿಂಗ್ ಎಸ್ಸೆ'. ಎರಡನ್ನೂ ಮೇಲ್ವಿಚಾರಕರ ಎದುರು, ಗಡಿಯಾರ ನೋಡಿಕೊಂಡು ಬರೆಯಬೇಕು. ಸಮಯವನ್ನೂ ಉದ್ದದ ಮಿತಿಯನ್ನೂ ಆಯಾ ವರ್ಷದ ಸೂಚನೆಯಲ್ಲೇ ನೋಡಿಕೊಳ್ಳಿ, ಹಳಬರ ಮಾತು ನಂಬಬೇಡಿ.

ಪೋರ್ಟ್ರೇಟ್ ಶೀಟಿನ ಹಿಂದಿರುವುದು ಕೌಂಟಿಯೇ ಪಟ್ಟಿಮಾಡಿರುವ ಐದು ಗುಣ: ಸಂವಹನ, ಸಹಕಾರ, ನೈತಿಕ ಮತ್ತು ಜಾಗತಿಕ ಪೌರತ್ವ, ಸೃಜನಶೀಲ ಹಾಗೂ ವಿಮರ್ಶಾತ್ಮಕ ಚಿಂತನೆ, ಗುರಿಯಿಟ್ಟು ಪಟ್ಟುಬಿಡದೆ ನಡೆಯುವುದು. ಇವಕ್ಕೆ ಪ್ರಬಂಧ ಸಿದ್ಧಮಾಡಬೇಡಿ, ಘಟನೆಗಳನ್ನು ಸಿದ್ಧಮಾಡಿ. ಒಂದು ನೋಟ್‌ಬುಕ್ಕಿನಲ್ಲಿ ಆರು ಘಟನೆ, ಪ್ರತಿಯೊಂದಕ್ಕೂ ನಾಲ್ಕೇ ಸಾಲು: ಏನಾಯಿತು, ನಾನು ಏನು ನಿರ್ಧರಿಸಿದೆ, ಯಾಕೆ, ಅದರಿಂದ ಏನು ಬದಲಾಯಿತು. ವಾರಾಂತ್ಯದ ಕನ್ನಡ ತರಗತಿಯಲ್ಲಿ ಚಿಕ್ಕವರಿಗೆ ಒತ್ತಕ್ಷರ ಹೇಳಿಕೊಟ್ಟದ್ದೂ ನಡೆಯುತ್ತದೆ. ಬಹುಮಾನವೇ ಬಂದಿರಬೇಕೆಂದಿಲ್ಲ.

ಸಾಧಾರಣವಾಗಿ ಮಕ್ಕಳು ಬರೆಯುವುದು ಹೀಗೆ: "ನಮ್ಮ ರೊಬಾಟಿಕ್ಸ್ ತಂಡಕ್ಕೆ ಸಮಸ್ಯೆ ಎದುರಾಯಿತು. ನಾವೆಲ್ಲ ಒಟ್ಟಾಗಿ ದುಡಿದೆವು. ಸಹಕಾರದ ಮಹತ್ವ ಅರಿವಾಯಿತು." ಇದನ್ನು ಯಾವ ಮಗು ಬೇಕಾದರೂ ಬರೆಯಬಹುದು. ಅದೇ ಘಟನೆ ಹೀಗೆ ಬಂದರೆ: "ರೊಬಾಟ್ ಒಮ್ಮೆ 90 ಡಿಗ್ರಿ ತಿರುಗುತ್ತಿತ್ತು, ಇನ್ನೊಮ್ಮೆ 80. ಚಕ್ರ ಸಡಿಲ ಅಂತ ಗೆಳತಿ, ಬ್ಯಾಟರಿ ಅಂತ ನಾನು. ಪೂರ್ತಿ ಚಾರ್ಜಿನಲ್ಲಿ ಹತ್ತು ಸಲ, ಅರ್ಧ ಚಾರ್ಜಿನಲ್ಲಿ ಹತ್ತು ಸಲ ಓಡಿಸೋಣ ಎಂದೆ. ಎರಡರಲ್ಲೂ ತಪ್ಪು ಒಂದೇ ರೀತಿ ಬಂತು. ಅವಳ ಮಾತು ಒಪ್ಪಿ ಚಕ್ರ ಬಿಚ್ಚಿದೆವು." ಇಲ್ಲಿ 'ನಾವು' ಎಲ್ಲಿ, 'ನಾನು' ಎಲ್ಲಿ ಎಂಬುದು ಸ್ಪಷ್ಟ. ಇದೇ ಘಟನೆ ಸಹಕಾರಕ್ಕೂ ಆಗುತ್ತದೆ, ವಿಮರ್ಶಾತ್ಮಕ ಚಿಂತನೆಗೂ ಆಗುತ್ತದೆ, ಅಭಿಪ್ರಾಯ ಬದಲಿಸಿದ ಪ್ರಶ್ನೆಗೂ ಆಗುತ್ತದೆ. "ಚಿಕ್ಕಂದಿನಿಂದಲೂ ನನಗೆ ವಿಜ್ಞಾನ ಎಂದರೆ ಪ್ರಾಣ" ಎಂಬ ಆರಂಭವನ್ನು ಮಾತ್ರ ನಿರ್ದಾಕ್ಷಿಣ್ಯವಾಗಿ ಹೊಡೆದುಹಾಕಿ. ಅರ್ಜಿದಾರರನ್ನು ಸಂಖ್ಯೆಯಿಂದಷ್ಟೇ ಗುರುತಿಸುವ ವ್ಯವಸ್ಥೆ ಇರುವುದರಿಂದ ಹೆಸರು, ಊರು, ಪರಿಚಯವೂ ಬೇಕಿಲ್ಲ.

ಪ್ರಾಬ್ಲಮ್ ಸಾಲ್ವಿಂಗ್ ಎಸ್ಸೆಯಲ್ಲಿ ಗಣಿತದಲ್ಲಿ ಜಾಣರಾದ ಮಕ್ಕಳೇ ಎಡವುತ್ತಾರೆ. ಉತ್ತರ ತಲೆಯಲ್ಲೇ ಹೊಳೆಯುತ್ತದೆ, ಅದೊಂದನ್ನೇ ಬರೆದು ಮುಗಿಸುತ್ತಾರೆ. ಅಲ್ಲಿ ಬೇಕಾದದ್ದು ಉತ್ತರಕ್ಕೆ ಹೋದ ದಾರಿ. ಅಭ್ಯಾಸಕ್ಕೆ ಒಂದು ಲೆಕ್ಕ: ಸೆಕೆಂಡಿಗೊಂದು ಹನಿ ಸೋರುವ ನಲ್ಲಿಯಿಂದ ದಿನಕ್ಕೆ ಎಷ್ಟು ನೀರು ಪೋಲು? ಒಂದು ಹನಿ 0.05 ಮಿಲಿಲೀಟರ್ ಎಂಬುದು ಊಹೆ. ಅದು ಊಹೆ ಎಂದೇ ಬರೆಯಬೇಕು. ದಿನಕ್ಕೆ 86,400 ಸೆಕೆಂಡ್. ಗುಣಿಸಿದರೆ 4,320 ಮಿಲಿಲೀಟರ್, ಅಂದರೆ 4.32 ಲೀಟರ್. ಇಲ್ಲಿಗೇ ನಿಲ್ಲಿಸಬಾರದು. ಹನಿ 0.04 ಆಗಿದ್ದರೆ ಸುಮಾರು 3.5 ಲೀಟರ್, ಹಾಗಾಗಿ ಉತ್ತರದಲ್ಲಿ ಅನುಮಾನವಿರುವುದು ಹನಿಯ ಗಾತ್ರದಲ್ಲಿ. ಅದನ್ನು ತಿಳಿಯಲು 100 ಹನಿ ಹಿಡಿದು ಅಳೆಯಬಹುದು. ಈ ಕೊನೆಯ ಎರಡು ವಾಕ್ಯ ಬರೆಯುವ ಮಗು ಯೋಚಿಸುವ ರೀತಿ ಓದುವವರಿಗೆ ಕಾಣುತ್ತದೆ.

ವಾರಕ್ಕೆ ಎರಡು ಸಲ ಅಭ್ಯಾಸ ಸಾಕು. ಪ್ರಶ್ನೆ ಮೊದಲೇ ತೋರಿಸದೆ ಕೊಡಿ. 25 ನಿಮಿಷದ ಟೈಮರ್ ಇಡಿ: 5 ನಿಮಿಷ ಘಟನೆ ಆರಿಸಿ ಟಿಪ್ಪಣಿ ಮಾಡಲು, 16 ನಿಮಿಷ ಬರೆಯಲು, 4 ನಿಮಿಷ ಓದಿ ತಿದ್ದಲು. ಮರುದಿನ ಪ್ರಶ್ನೆ ಮುಚ್ಚಿಟ್ಟು ಉತ್ತರ ಮಾತ್ರ ಬೇರೊಬ್ಬರಿಗೆ ಓದಿಸಿ, ಏನು ಕೇಳಿದ್ದಿರಬಹುದು ಎಂದು ಕೇಳಿ. ಅವರಿಗೆ ಊಹಿಸಲಾಗದಿದ್ದರೆ ಉತ್ತರ ದಾರಿ ತಪ್ಪಿದೆ.

ಅಪ್ಪ ಅಮ್ಮ ವಾಕ್ಯ ತಿದ್ದಲು ಹೋಗಬೇಡಿ. ಪರೀಕ್ಷೆಯ ದಿನ ಆ ವಾಕ್ಯಗಳು ಅವಳಿಗೆ ಬರುವುದಿಲ್ಲ. ರಾತ್ರಿ ಊಟಕ್ಕೆ ಕೂತಾಗ ಕನ್ನಡದಲ್ಲೇ ಕೇಳಿ: "ಆಮೇಲೆ ನೀನೇನು ಮಾಡಿದೆ? ಯಾಕೆ ಹಾಗೆ ಮಾಡಿದೆ ಪುಟ್ಟಿ?" ನೋಟ್‌ಬುಕ್ಕಿನಲ್ಲಿ ಬಿಟ್ಟುಹೋದ ವಿವರ ಮಾತಿನಲ್ಲಿ ಬರುತ್ತದೆ; ಅದನ್ನು ಅವಳೇ ತನ್ನ ಇಂಗ್ಲಿಷಿನಲ್ಲಿ ಬರೆದುಕೊಳ್ಳಲಿ.