ಸಹಿ ಮೊದಲು, ಚರ್ಚೆ ಆಮೇಲೆ: 1991ರ ಸಾಲ ಮತ್ತು ಸಂಸತ್ತಿಗೆ ಸಿಗದ ಹಿಡಿತ

1991ರ ಜುಲೈ 4, 7, 11 ಮತ್ತು 18ರಂದು ನಾಲ್ಕು ಕಂತುಗಳಲ್ಲಿ 46.91 ಟನ್ ಚಿನ್ನ ಮುಂಬೈಯಿಂದ ಲಂಡನ್ನಿಗೆ ಹೋಯಿತು. ರಿಸರ್ವ್ ಬ್ಯಾಂಕಿಗೆ ಸೇರಿದ ಆ ಚಿನ್ನವನ್ನು ಒತ್ತೆಯಿಟ್ಟು ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನ್‌ನಿಂದ ಪಡೆದ ಸಾಲ 40.5 ಕೋಟಿ ಡಾಲರ್. ಹೊಸದಾಗಿ ಆಯ್ಕೆಯಾದ ಹತ್ತನೇ ಲೋಕಸಭೆ ಮೊದಲ ಬಾರಿಗೆ ಸೇರಿದ್ದು ಜುಲೈ 9ಕ್ಕೆ. ಅಷ್ಟರಲ್ಲಿ ಎರಡು ಕಂತು ಹೋಗಿಯಾಗಿತ್ತು. ಅದಕ್ಕೆ ಒಂದು ದಿನ ಮೊದಲು ‘ಇಂಡಿಯನ್ ಎಕ್ಸ್‌ಪ್ರೆಸ್’ ಸುದ್ದಿ ಹೊರಗೆಡಹಿತ್ತು. ಉಳಿದೆರಡು ಕಂತು ಸದನ ನಡೆಯುತ್ತಿರುವಾಗಲೇ ಹೊರಟವು.

ಆ ಸಾಲ ಬೇಕಿತ್ತು, ಅದರಲ್ಲಿ ಅನುಮಾನವಿಲ್ಲ. ಜುಲೈ 12ರಂದು ದೇಶದ ವಿದೇಶಿ ವಿನಿಮಯ ಮೀಸಲು 97.5 ಕೋಟಿ ಡಾಲರಿಗೆ ಕುಸಿದಿತ್ತು. ಹೊರದೇಶಗಳ ಸಾಲದ ಕಂತು ತಪ್ಪಿದ್ದರೆ ತೈಲ, ರಸಗೊಬ್ಬರ, ಔಷಧದ ಕಚ್ಚಾವಸ್ತುಗಳಿಗೆ ಉದ್ದರಿ ಕೊಡುವವರು ಯಾರೂ ಇರುತ್ತಿರಲಿಲ್ಲ. ಆದರೆ ಇಷ್ಟು ದೊಡ್ಡ ನಿರ್ಧಾರ ಸಂಸತ್ತಿನ ಮುಂದೆ ಬಂದದ್ದು ಅನುಮತಿಗಾಗಿ ಅಲ್ಲ, ಮಾಹಿತಿಗಾಗಿ. ಇದು ಒಬ್ಬ ಮಂತ್ರಿಯ ಅಥವಾ ಒಂದು ಪಕ್ಷದ ಲೋಪವಾಗಿರಲಿಲ್ಲ. ಸಂವಿಧಾನ ಬಿಟ್ಟಿದ್ದ ಒಂದು ಜಾಗವನ್ನು ಸಂಸತ್ತು ನಾಲ್ಕು ದಶಕ ತುಂಬದೇ ಬಿಟ್ಟಿದ್ದರ ಫಲ ಅದು.

ಆ ಜಾಗ ಸಂವಿಧಾನದ 292ನೇ ವಿಧಿಯಲ್ಲಿದೆ. ಭಾರತದ ಸಂಚಿತ ನಿಧಿಯ, ಅಂದರೆ ಸರ್ಕಾರದ ಆದಾಯವೆಲ್ಲ ಸೇರುವ ಮುಖ್ಯ ಖಜಾನೆಯ, ಭದ್ರತೆಯ ಮೇಲೆ ಸಾಲ ಮಾಡುವ ಅಧಿಕಾರ ಕೇಂದ್ರದ ಕಾರ್ಯಾಂಗಕ್ಕೆ ಸೇರಿದ್ದು ಎನ್ನುತ್ತದೆ ಅದು. ಸಂಸತ್ತು ಕಾನೂನಿನ ಮೂಲಕ ಮಿತಿ ಹಾಕಿದ್ದರೆ ಆ ಮಿತಿಯೊಳಗೆ, ಹಾಕಿರದಿದ್ದರೆ ಮಿತಿಯೇ ಇಲ್ಲ. 1949ರ ಆಗಸ್ಟ್‌ನಲ್ಲಿ ಸಂವಿಧಾನ ರಚನಾ ಸಭೆಯಲ್ಲಿ ಇದು ಚರ್ಚೆಗೆ ಬಂದಾಗ ಕೆಲವು ಸದಸ್ಯರಿಗೆ ಇದು ಸಡಿಲವೆನಿಸಿತ್ತು. ಸಂಸತ್ತು ಇಂಥ ಕಾನೂನು ಮಾಡಿ ಸಾಲದ ಅಧಿಕಾರಕ್ಕೆ ಕಡಿವಾಣ ಹಾಕುತ್ತದೆಂದು ತಾವು ಆಶಿಸುವುದಷ್ಟೇ ಅಲ್ಲ, ನಿರೀಕ್ಷಿಸುವುದಾಗಿಯೂ ಅಂಬೇಡ್ಕರ್ ಹೇಳಿದರು. ಆ ನಿರೀಕ್ಷೆಗೆ ಹತ್ತಿರವಾದ ಮೊದಲ ಕಾನೂನು ಬಂದದ್ದು 2003ರಲ್ಲಿ.

ಇನ್ನೊಂದು ನಿಯಮ ಇದಕ್ಕಿಂತ ಕಡಿಮೆ ಚರ್ಚೆಯಾಗಿದೆ, ಪರಿಣಾಮ ಮಾತ್ರ ಹೆಚ್ಚು. 112ನೇ ವಿಧಿಯ ಪ್ರಕಾರ ಸರ್ಕಾರದ ಸಾಲದ ಬಡ್ಡಿ, ಅಸಲು, ಸಾಲ ಎತ್ತುವ ಖರ್ಚು ಇವೆಲ್ಲ ಸಂಚಿತ ನಿಧಿಯ ಮೇಲೆ ನೇರವಾಗಿ ‘ಪ್ರಭೃತ’ವಾದ ವೆಚ್ಚ. 113ನೇ ವಿಧಿಯಂತೆ ಇವನ್ನು ಸದನ ಚರ್ಚಿಸಬಹುದು, ಮತಕ್ಕೆ ಹಾಕುವಂತಿಲ್ಲ. ರಕ್ಷಣೆಗೋ ಶಿಕ್ಷಣಕ್ಕೋ ಸರ್ಕಾರ ಕೇಳಿದ ಹಣದಲ್ಲಿ 100 ರೂಪಾಯಿ ಕಡಿತ ಮಾಡಬೇಕೆಂಬ ಸಾಂಕೇತಿಕ ಸೂಚನೆಯನ್ನಾದರೂ ಸಂಸದ ಮಂಡಿಸಬಹುದು. ಬಡ್ಡಿಯ ಬಾಬ್ತಿನಲ್ಲಿ ಅದೂ ಸಾಧ್ಯವಿಲ್ಲ. ಸಾಲ ಕೊಟ್ಟವರಿಗೆ ಭರವಸೆ ಇರಬೇಕೆಂಬ ಕಾರಣಕ್ಕೆ ಇಂಥ ನಿಯಮ ಎಲ್ಲ ದೇಶಗಳಿಗೂ ಒಂದಲ್ಲ ಒಂದು ರೂಪದಲ್ಲಿ ಬೇಕು. ಹಾಗಿರುವಾಗ ಸಂಸತ್ತಿನ ಮಾತಿಗೆ ಬೆಲೆ ಇರುವುದು ಸಾಲ ಆಗುವುದಕ್ಕೆ ಮುಂಚೆ ಮಾತ್ರ. ನಮ್ಮಲ್ಲಿ ಅಲ್ಲೇ ಬಾಗಿಲು ಇರಲಿಲ್ಲ.

1981ರಲ್ಲೇ ಇದು ಕಣ್ಣಿಗೆ ಬಿದ್ದಿತ್ತು. ಅಂತರರಾಷ್ಟ್ರೀಯ ಹಣಕಾಸು ನಿಧಿಯಿಂದ, ಅಂದರೆ ಐಎಂಎಫ್‌ನಿಂದ, ಆ ವರ್ಷ ನವೆಂಬರ್ 9ರಂದು 500 ಕೋಟಿ ಎಸ್‌ಡಿಆರ್ ಸಾಲ ಮಂಜೂರಾಯಿತು. ಎಸ್‌ಡಿಆರ್ ಎಂಬುದು ಪ್ರಮುಖ ಕರೆನ್ಸಿಗಳ ಮೌಲ್ಯ ಸೇರಿಸಿ ಐಎಂಎಫ್ ಕಟ್ಟಿಕೊಂಡ ಲೆಕ್ಕದ ಘಟಕ. ಷರತ್ತುಗಳ ಕಾಗದಪತ್ರ ದೇಶಕ್ಕೆ ಗೊತ್ತಾದದ್ದು ‘ದಿ ಹಿಂದೂ’ ಪತ್ರಿಕೆ ಅಕ್ಟೋಬರ್‌ನಲ್ಲಿ ಅವನ್ನು ಹೊರತಂದಾಗ. ಎಡಪಕ್ಷಗಳು ಸಂಸತ್ತಿನಲ್ಲಿ ದೊಡ್ಡ ಗದ್ದಲವನ್ನೇ ಎಬ್ಬಿಸಿದವು. 390 ಕೋಟಿ ಎಸ್‌ಡಿಆರ್ ಪಡೆದ ಮೇಲೆ ಉಳಿದದ್ದು ಬೇಡವೆಂದು ಸರ್ಕಾರ 1984ರಲ್ಲಿ ತಾನೇ ಹೊರಬಂತು. ಮೀಸಲು ಚೇತರಿಸಿಕೊಂಡಿತು, ಕಾರ್ಯವಿಧಾನದ ಪ್ರಶ್ನೆ ಹಾಗೇ ಕಡತದಲ್ಲಿ ಉಳಿಯಿತು.

1990ರ ಆಗಸ್ಟ್ 2ರಂದು ಇರಾಕ್ ಕುವೈತ್‌ಗೆ ನುಗ್ಗಿತು. ತೈಲ ದುಬಾರಿಯಾಯಿತು, ಕೊಲ್ಲಿಯಲ್ಲಿ ದುಡಿಯುತ್ತಿದ್ದವರು ಕಳಿಸುವ ಹಣ ಇಳಿಯಿತು. ಆದರೆ ಯುದ್ಧ ಬರೀ ಕಿಡಿ. ಕೇಂದ್ರದ ವಿತ್ತೀಯ ಕೊರತೆ, ಅಂದರೆ ಆದಾಯ ಮೀರಿದ ಖರ್ಚಿಗೆ ಸಾಲದಿಂದ ತುಂಬಬೇಕಾದ ಅಂತರ, ಎಪ್ಪತ್ತರ ದಶಕದ ನಡುವೆ ಜಿಡಿಪಿಯ ಶೇ 4ರಷ್ಟಿದ್ದದ್ದು 1990–91ರ ಹೊತ್ತಿಗೆ ಶೇ 8 ದಾಟಿತ್ತು. ಅದಕ್ಕೆ ಹೊಂದಿಸಲು ತಂದ ಹಣದಲ್ಲಿ ಅಲ್ಪಾವಧಿಯ ವಿದೇಶಿ ಸಾಲ ಮತ್ತು ಅನಿವಾಸಿ ಭಾರತೀಯರ ಠೇವಣಿಗಳ ಪಾಲು ದೊಡ್ಡದಿತ್ತು. ಭಯ ಹುಟ್ಟಿದ ದಿನ ಮೊದಲು ಹೊರಹೋಗುವ ಹಣ ಇದೇ. 1991ರ ಏಪ್ರಿಲ್–ಜೂನ್ ಮೂರು ತಿಂಗಳಲ್ಲಿ ಅನಿವಾಸಿ ಠೇವಣಿಗಳಿಂದ 95.2 ಕೋಟಿ ಡಾಲರ್ ಹಿಂದಕ್ಕೆ ಹೋಯಿತು. ಜುಲೈಯಲ್ಲಿ ಉಳಿದಿದ್ದ ಇಡೀ ಮೀಸಲಿನಷ್ಟೇ ಹೆಚ್ಚೂಕಡಿಮೆ.

ಮೊದಲ ಪೆಟ್ಟು ಬಿದ್ದದ್ದು ಆಮದುದಾರರಿಗೆ. 1990ರ ಅಕ್ಟೋಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಹೆಚ್ಚಿನ ಆಮದುಗಳಿಗೆ ಶೇ 50ರ ನಗದು ಠೇವಣಿ ಕಡ್ಡಾಯ ಮಾಡಿತು. ಅಂದರೆ 100 ರೂಪಾಯಿ ಸರಕು ತರಿಸುವವನು ಲೆಟರ್ ಆಫ್ ಕ್ರೆಡಿಟ್ (ಮಾರುವವನಿಗೆ ಹಣ ಸಂದಾಯದ ಬಗ್ಗೆ ಬ್ಯಾಂಕ್ ಕೊಡುವ ಖಾತರಿ ಪತ್ರ) ತೆರೆಯುವ ಮುಂಚೆಯೇ 50 ರೂಪಾಯಿ ಬ್ಯಾಂಕಿನಲ್ಲಿ ಕಟ್ಟಬೇಕು. 1991ರ ಮಾರ್ಚ್‌ನಲ್ಲಿ ಅದು 133 ರೂಪಾಯಿ, ಏಪ್ರಿಲ್‌ನಲ್ಲಿ 200. ಸರಕಿನ ಬೆಲೆಯ ಎರಡರಷ್ಟು ಹಣ ಬ್ಯಾಂಕಿನಲ್ಲಿ ಕೂತರೆ ಸಣ್ಣ ಕಾರ್ಖಾನೆ ಬಿಡಿಭಾಗ ತರಿಸುವುದನ್ನೇ ಬಿಡುತ್ತದೆ. ಡಾಲರ್ ಉಳಿಯಿತು ನಿಜ. ಆದರೆ ಆಮದಿನ ಕಚ್ಚಾವಸ್ತು ನಂಬಿದ್ದ ರಫ್ತಿನ ಕೈಯೂ ಕಟ್ಟಿಹೋಯಿತು. ಇಂಥ ಬಿಗಿ ಸುತ್ತೋಲೆಗಳಿಗೆ ಸದನದ ಮತ ಬೇಕಿರಲಿಲ್ಲ.

ರಾಜಕೀಯದ ಕ್ಯಾಲೆಂಡರೂ ಅದೇ ಹೊತ್ತಿಗೆ ಕೈಕೊಟ್ಟಿತು. 1990ರ ನವೆಂಬರ್‌ನಲ್ಲಿ ಚಂದ್ರಶೇಖರ್ ಪ್ರಧಾನಿಯಾದರು, ಯಶವಂತ ಸಿನ್ಹಾ ಹಣಕಾಸು ಸಚಿವರು. ಸ್ವಂತ ಬಲ ಅಲ್ಪ, ಸರ್ಕಾರ ನಿಂತಿದ್ದು ಕಾಂಗ್ರೆಸ್ಸಿನ ಹೊರಗಿನ ಬೆಂಬಲದ ಮೇಲೆ. ಜನವರಿಯಲ್ಲಿ ಐಎಂಎಫ್ ಸುಮಾರು 180 ಕೋಟಿ ಡಾಲರ್ ಕೊಟ್ಟಿತು. ಮುಂದಿನ ದೊಡ್ಡ ಸಾಲಕ್ಕೆ ಗಟ್ಟಿ ಬಜೆಟ್ ಒಂದು ಬೇಕೆಂಬುದು ಎಲ್ಲರಿಗೂ ಗೊತ್ತಿತ್ತು. ಆ ಬಜೆಟ್‌ಗೆ ಕಾಂಗ್ರೆಸ್ಸಿನ ಒಪ್ಪಿಗೆ ಸಿಗಲಿಲ್ಲ. ಮಾರ್ಚ್ 4ರಂದು ಮಂಡನೆಯಾದದ್ದು ಮಧ್ಯಂತರ ಬಜೆಟ್ ಮತ್ತು ಲೇಖಾನುದಾನ. ಲೇಖಾನುದಾನವೆಂದರೆ ಸಂಬಳ, ಪಿಂಚಣಿ, ನಡೆಯುತ್ತಿರುವ ಕೆಲಸಗಳಿಗೆ ಕೆಲವು ತಿಂಗಳ ಮಟ್ಟಿಗೆ ಹಣ ತೆಗೆಯಲು 116ನೇ ವಿಧಿಯಡಿ ಸಿಗುವ ಅನುಮತಿ. ಹೊಸ ತೆರಿಗೆ, ಸಬ್ಸಿಡಿ ಕಡಿತ, ಕೊರತೆಯ ಹೊಸ ಗುರಿ ಇವೆಲ್ಲ ಅಲ್ಲಿಗೆ ನಿಂತವು. ಎರಡು ದಿನ ಕಳೆದು ಚಂದ್ರಶೇಖರ್ ರಾಜೀನಾಮೆ ಕೊಟ್ಟರು, ಮಾರ್ಚ್ 13ಕ್ಕೆ ಲೋಕಸಭೆ ವಿಸರ್ಜನೆಯಾಯಿತು. ಬಜೆಟ್ ಇಲ್ಲದ ಆ ನಾಲ್ಕೂವರೆ ತಿಂಗಳು ದೇಶಕ್ಕೆ ಬಹಳ ದುಬಾರಿಯಾಯಿತು. ಅದರ ಹೊಣೆಯನ್ನು ಯಾವ ಪಕ್ಷವೂ ಇವತ್ತಿಗೂ ಪೂರ್ತಿ ಹೊತ್ತಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಮೊದಲ ಚಿನ್ನ ಹೊರಗೆ ಹೋದದ್ದು ಈ ಅವಧಿಯಲ್ಲೇ, ಮೇ ತಿಂಗಳಲ್ಲಿ. ಕಳ್ಳಸಾಗಣೆದಾರರಿಂದ ಜಪ್ತಿಯಾಗಿ ಸರ್ಕಾರದ ಬಳಿಯಿದ್ದ 20 ಟನ್ ಚಿನ್ನವನ್ನು ಸ್ಟೇಟ್ ಬ್ಯಾಂಕಿಗೆ ಕೊಡಲಾಯಿತು. ಸ್ಟೇಟ್ ಬ್ಯಾಂಕ್ ಅದನ್ನು ಸ್ವಿಟ್ಜರ್ಲೆಂಡಿನ ಯುಬಿಎಸ್ ಬ್ಯಾಂಕಿಗೆ ಮರುಖರೀದಿಯ ಹಕ್ಕು ಉಳಿಸಿಕೊಂಡು ಮಾರಿ ಸುಮಾರು 20 ಕೋಟಿ ಡಾಲರ್ ತಂದಿತು. ರೂಪದಲ್ಲಿ ಮಾರಾಟ, ಫಲದಲ್ಲಿ ಸಾಲ. ನಿರ್ಧಾರ ಮಾಡಿದ್ದು ಉಸ್ತುವಾರಿ ಸರ್ಕಾರ. 75ನೇ ವಿಧಿಯಂತೆ ಮಂತ್ರಿಮಂಡಲ ಹೊಣೆಯಾಗಿರುವುದು ಲೋಕಸಭೆಗೆ, ಆಗ ಲೋಕಸಭೆಯೇ ಇರಲಿಲ್ಲ. ರಾಜ್ಯಸಭೆ ವಿಸರ್ಜನೆಯಾಗದ ಸದನವಾದರೂ ಸರ್ಕಾರವನ್ನು ಇಳಿಸುವ ಶಕ್ತಿ ಅದಕ್ಕಿಲ್ಲ.

ಜೂನ್ 21ರಂದು ಪಿ.ವಿ. ನರಸಿಂಹ ರಾವ್ ಅಧಿಕಾರಕ್ಕೆ ಬಂದರು, ಮನಮೋಹನ್ ಸಿಂಗ್ ಹಣಕಾಸು ಸಚಿವರಾದರು. ಜುಲೈ 1 ಮತ್ತು 3ರಂದು ಎರಡು ಹಂತಗಳಲ್ಲಿ ರೂಪಾಯಿ ಅಪಮೌಲ್ಯವಾಗಿ ಡಾಲರಿಗೆ ಸುಮಾರು 21 ರೂಪಾಯಿ ಇದ್ದದ್ದು 26ರ ಹತ್ತಿರ ಬಂತು. ಅದೂ ಲೋಕಸಭೆ ಸೇರುವ ಮೊದಲೇ. ಜುಲೈ 15ರ ವಿಶ್ವಾಸಮತದಲ್ಲಿ ಸ್ವಂತ ಬಹುಮತವಿಲ್ಲದ ಸರ್ಕಾರ ಉಳಿದದ್ದು ವಿರೋಧ ಪಕ್ಷಗಳ ದೊಡ್ಡದೊಂದು ಗುಂಪು ಮತದಾನದಿಂದ ದೂರ ನಿಂತಿದ್ದರಿಂದ. ಚಿನ್ನದ ಬಗ್ಗೆ, ರೂಪಾಯಿಯ ಬಗ್ಗೆ ಸದನದಲ್ಲಿ ಕಟು ಮಾತುಗಳು ಬಂದವು, ಉತ್ತರಗಳೂ ಬಂದವು. ಬದಲಾಯಿಸಲು ಏನೂ ಉಳಿದಿರಲಿಲ್ಲ.

ಜುಲೈ 24ರ ಬಜೆಟ್‌ನ ಕಥೆ ಬೇರೆ. ಸುಮಾರು 2,500 ಕೋಟಿ ರೂಪಾಯಿಯ ಮೀಸಲು ಹದಿನೈದು ದಿನದ ಆಮದಿಗಷ್ಟೇ ಸಾಕೆಂದು ಭಾಷಣದಲ್ಲೇ ಹೇಳಿದ ಸಚಿವರು, ಕೊರತೆಯನ್ನು ಶೇ 6.5ಕ್ಕೆ ಇಳಿಸುವ ಗುರಿಯ ಭಾಗವಾಗಿ ರಸಗೊಬ್ಬರದ ಬೆಲೆಯನ್ನು ಸರಾಸರಿ ಶೇ 40 ಏರಿಸಿದರು. ವಿರೋಧ ಪಕ್ಷಗಳಿಗಿಂತ ಬಿಸಿಯಾದದ್ದು ಕಾಂಗ್ರೆಸ್ಸಿನದೇ ಸಂಸದರು, ಅದರಲ್ಲೂ ಹಳ್ಳಿಗಾಡಿನ ಕ್ಷೇತ್ರಗಳವರು. ಹಣಕಾಸು ಮಸೂದೆ, ಇಲಾಖೆಗಳ ಅನುದಾನದ ಬೇಡಿಕೆಗಳು ಇನ್ನೂ ಅಂಗೀಕಾರವಾಗಬೇಕಿತ್ತು, ಒಂದೊಂದು ಮತಕ್ಕೂ ತೂಕವಿತ್ತು. ಆಗಸ್ಟ್ 6ರಂದು ಏರಿಕೆ ಶೇ 30ಕ್ಕೆ ಇಳಿಯಿತು, ಸಣ್ಣ ಮತ್ತು ಅತಿಸಣ್ಣ ರೈತರಿಗೆ ವಿನಾಯಿತಿ ಸಿಕ್ಕಿತು. ಕೊರತೆಯ ಗುರಿ ಮಾತ್ರ ಹಾಗೇ ಉಳಿಯಿತು, ಅಂದರೆ ಬೇರೆ ಕಡೆ ಖರ್ಚು ಕತ್ತರಿಸಬೇಕಾಯಿತು. ಆ ರಿಯಾಯಿತಿ ಆರ್ಥಿಕವಾಗಿ ಸರಿಯೇ ಎಂಬ ವಾದ ಇವತ್ತಿಗೂ ಇದೆ. ಎರಡು ದರದ ಗೊಬ್ಬರವನ್ನು ಅಂಗಡಿಯಲ್ಲಿ ಜಾರಿ ಮಾಡುವುದು ಸುಲಭವೂ ಆಗಿರಲಿಲ್ಲ. ನಮಗಿಲ್ಲಿ ಮುಖ್ಯವಾದದ್ದು ಇಷ್ಟೇ: ಮತದ ಅಧಿಕಾರ ಕೈಯಲ್ಲಿದ್ದಲ್ಲಿ ಸಂಸತ್ತು ಎರಡೇ ವಾರದಲ್ಲಿ ಸರ್ಕಾರವನ್ನು ಬಗ್ಗಿಸಿತು, ಇಲ್ಲದ ಕಡೆ ಗದ್ದಲ ಮಾಡಿ ಸುಮ್ಮನಾಯಿತು.

ಐಎಂಎಫ್‌ಗೆ ಹೋದ ಆಶಯ ಪತ್ರದ ದಿನಾಂಕ 1991ರ ಆಗಸ್ಟ್ 27. ಕೊರತೆ, ಸಬ್ಸಿಡಿ, ಆಮದು ಸುಂಕ, ಸಾರ್ವಜನಿಕ ಉದ್ದಿಮೆಗಳ ಬಗ್ಗೆ ಸರ್ಕಾರ ಏನೇನು ಮಾಡುತ್ತದೆ ಎಂಬ ಲಿಖಿತ ಭರವಸೆ ಅದು. ಕಂತುಗಳು ಬಿಡುಗಡೆಯಾಗುವುದು ಆ ಗುರಿಗಳ ತಪಾಸಣೆಯ ಮೇಲೆ. ಅಕ್ಟೋಬರ್ 31ಕ್ಕೆ ಐಎಂಎಫ್‌ನ ಮಂಡಳಿ 165.6 ಕೋಟಿ ಎಸ್‌ಡಿಆರ್ ಮಂಜೂರು ಮಾಡಿತು. ಪತ್ರ ಸಂಸತ್ತಿನ ಮೇಜಿಗೆ ಬಂದದ್ದು ಡಿಸೆಂಬರ್‌ನಲ್ಲಿ. ಮುಂದಿನ ಬಜೆಟ್‌ನ ಗುರಿ ಮೊದಲು ವಾಷಿಂಗ್ಟನ್ನಿಗೆ ತಿಳಿದು ಆಮೇಲೆ ಸದನಕ್ಕೆ ತಿಳಿದರೆ ಬಜೆಟ್ ಚರ್ಚೆಗೆ ಅರ್ಥವೇನು ಎಂಬ ವಿರೋಧ ಪಕ್ಷಗಳ ಆಕ್ಷೇಪವನ್ನು ಬರೀ ರಾಜಕೀಯವೆಂದು ತಳ್ಳಿಹಾಕಲು ಬರುವುದಿಲ್ಲ.

ಒತ್ತೆಯ ಸಾಲ ಅದೇ ವರ್ಷ ತೀರಿತು. ಐಎಂಎಫ್ ಸಾಲ 2000ದಲ್ಲಿ ಪೂರ್ತಿ ಚುಕ್ತಾ ಆಯಿತು. ಚಿನ್ನ ಮಾತ್ರ ಹೊರಗಿನ ತಿಜೋರಿಯಲ್ಲೇ ಬಹುಕಾಲ ಉಳಿಯಿತು. ಬ್ಯಾಂಕ್ ಆಫ್ ಇಂಗ್ಲೆಂಡಿನಲ್ಲಿದ್ದ ತನ್ನ ಚಿನ್ನದಲ್ಲಿ ಸುಮಾರು 100 ಟನ್ನನ್ನು ರಿಸರ್ವ್ ಬ್ಯಾಂಕ್ ದೇಶಕ್ಕೆ ತಂದ ಸುದ್ದಿ ಬಂದದ್ದು 2024ರಲ್ಲಿ.

ಹೊಣೆಗಾರಿಕೆಯ ಕಟ್ಟಡ ಎದ್ದದ್ದು ಆಮೇಲೆ, ಬಿಡಿಬಿಡಿಯಾಗಿ. 1993ರಲ್ಲಿ ಇಲಾಖಾವಾರು ಸ್ಥಾಯಿ ಸಮಿತಿಗಳು, ಅಂದರೆ ಒಂದೊಂದು ಇಲಾಖೆಯ ಕೆಲಸ ಪರಿಶೀಲಿಸುವ ಸಂಸದರ ಸಮಿತಿಗಳು, ಬಂದವು. 1997ರ ಏಪ್ರಿಲ್‌ನಿಂದ, ಸರ್ಕಾರ ತನಗೆ ಬೇಕಾದಾಗ ರಿಸರ್ವ್ ಬ್ಯಾಂಕಿನಿಂದ ಹಣ ಪಡೆಯಲು ಬಳಸುತ್ತಿದ್ದ ಅಡ್‌ಹಾಕ್ ಖಜಾನೆ ಬಿಲ್ಲುಗಳು ನಿಂತವು. 2003ರ ವಿತ್ತೀಯ ಹೊಣೆಗಾರಿಕೆ ಮತ್ತು ಬಜೆಟ್ ನಿರ್ವಹಣೆ ಕಾಯ್ದೆ, ಎಲ್ಲರ ಬಾಯಲ್ಲಿ ಎಫ್‌ಆರ್‌ಬಿಎಂ, 2004ರ ಜುಲೈ 5ರಿಂದ ಜಾರಿಗೆ ಬಂತು. ಕೊರತೆಗೆ ಗುರಿ, ಗುರಿ ತಪ್ಪಿದರೆ ಸಂಸತ್ತಿಗೆ ವಿವರಣೆ, 2012ರ ತಿದ್ದುಪಡಿಯ ನಂತರ ಸರ್ಕಾರಿ ಲೆಕ್ಕ ತಪಾಸಣೆ ಮಾಡುವ ಸಿಎಜಿಯ ಪರಿಶೀಲನೆ. 2018ರ ತಿದ್ದುಪಡಿ ಕೇಂದ್ರದ ಸಾಲವನ್ನು 2024–25ರ ಕೊನೆಗೆ ಜಿಡಿಪಿಯ ಶೇ 40ಕ್ಕೆ ತರಬೇಕೆಂದಿತ್ತು, ಅದು ಆಗಲಿಲ್ಲ. ಯುದ್ಧ, ಪ್ರಕೃತಿ ವಿಕೋಪದಂಥ ಸಂದರ್ಭಕ್ಕೆ ಅರ್ಧ ಶೇಕಡಾದ ವಿನಾಯಿತಿಯಷ್ಟೇ ಕಾಯ್ದೆಯಲ್ಲಿದ್ದರೂ 2020–21ರ ಪರಿಷ್ಕೃತ ಅಂದಾಜಿನಲ್ಲಿ ಕೊರತೆ ಶೇ 9.5 ಎಂದು ಬರೆಯಬೇಕಾಯಿತು. ಅದರಲ್ಲೊಂದು ಪಾಲು ಕೋವಿಡ್‌ನದಲ್ಲ. ಭಾರತೀಯ ಆಹಾರ ನಿಗಮದ ಹೆಸರಲ್ಲಿ ಬಜೆಟ್‌ನ ಹೊರಗೆ ಕೂತಿದ್ದ ಸಾಲವನ್ನು ಒಳಗೆ ತಂದದ್ದರಿಂದ ಬಂದದ್ದು. 2024–25ರ ಬಜೆಟ್‌ನಲ್ಲಿ 48.21 ಲಕ್ಷ ಕೋಟಿ ರೂಪಾಯಿ ವೆಚ್ಚದೊಳಗೆ ಬಡ್ಡಿಯೇ 11.63 ಲಕ್ಷ ಕೋಟಿ, ಮತಕ್ಕೆ ಸಿಗದ ಆ ಬಾಬ್ತು.

ಎಫ್‌ಆರ್‌ಬಿಎಂ ಸಾಲದ ಮೊತ್ತವನ್ನು ನೋಡುತ್ತದೆ, ಷರತ್ತನ್ನಲ್ಲ. ವಿದೇಶಿ ನೆರವಿನ ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಅದರ ಕರಡನ್ನು ಸಂಸತ್ತಿನ ಮುಂದಿಡಬೇಕೆಂಬ ಕಲಂ ಅದರಲ್ಲಿಲ್ಲ. ಐರ್ಲೆಂಡಿನ ಸಂವಿಧಾನದ 29ನೇ ವಿಧಿ ಸಾರ್ವಜನಿಕ ಹಣಕ್ಕೆ ಹೊರೆಯಾಗುವ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಕೆಳಮನೆಯ ಒಪ್ಪಿಗೆ ಬೇಕೆನ್ನುತ್ತದೆ. ಶ್ರೀಲಂಕಾ 2023ರ ಏಪ್ರಿಲ್ 28ರಂದು ಐಎಂಎಫ್ ಕಾರ್ಯಕ್ರಮವನ್ನು ಸಂಸತ್ತಿನಲ್ಲಿ ಮತಕ್ಕೆ ಹಾಕಿತು, ಪರ 120, ವಿರುದ್ಧ 25. ಆದರೆ ಐಎಂಎಫ್‌ನ ಮಂಜೂರಾತಿ ಮಾರ್ಚ್ 20ಕ್ಕೇ ಆಗಿ ಮೊದಲ ಕಂತು ಕೈಸೇರಿತ್ತು.

ಸರ್ಕಾರಗಳ ಪ್ರತಿವಾದಕ್ಕೂ ಹುರುಳಿದೆ. ಮೀಸಲು ಬರಿದಾಗುತ್ತಿರುವಾಗ ಷರತ್ತುಗಳನ್ನು ತೆರೆದ ಸದನದಲ್ಲಿ ವಾರಗಟ್ಟಲೆ ಚರ್ಚಿಸಿದರೆ ಠೇವಣಿದಾರ ಅಷ್ಟು ದಿನ ಕಾಯುವುದಿಲ್ಲ. ಅಪಮೌಲ್ಯದ ಸುದ್ದಿ ಒಂದು ದಿನ ಮೊದಲು ಸೋರಿದರೂ ಸಟ್ಟಾ ಬಜಾರಿಗೆ ಹಬ್ಬ. ಇದಕ್ಕೆ ದಾರಿಯೂ ಇದೆ. ಹಣಕಾಸು ಸ್ಥಾಯಿ ಸಮಿತಿಯ ಬೈಠಕ್ಕುಗಳು ನಿಯಮದ ಪ್ರಕಾರವೇ ಮುಚ್ಚಿದ ಬಾಗಿಲ ಹಿಂದೆ ನಡೆಯುತ್ತವೆ. ಅಲ್ಲಿ ಲೋಕಸಭೆಯ 21, ರಾಜ್ಯಸಭೆಯ 10 ಸದಸ್ಯರು ಎಲ್ಲ ಪಕ್ಷಗಳಿಂದ ಇರುತ್ತಾರೆ. ಕರಡು ಆಶಯ ಪತ್ರವನ್ನು ಸಹಿಗೆ ಮುನ್ನ ಅಲ್ಲಿಡಬೇಕು, ಸಹಿಯಾದ ಪತ್ರವನ್ನು ಇಂತಿಷ್ಟು ದಿನದೊಳಗೆ ಎರಡೂ ಸದನಗಳಲ್ಲಿ ಮಂಡಿಸಬೇಕು ಎಂದು ಎಫ್‌ಆರ್‌ಬಿಎಂಗೆ ಒಂದು ಕಲಂ ಸೇರಿಸಲು ಸಂವಿಧಾನ ತಿದ್ದುಪಡಿ ಬೇಕಿಲ್ಲ, 292ನೇ ವಿಧಿಯೇ ಸಾಕು. ಆದರೆ ಕಲಂ ಬರೆಯುವವರು ಒಂದು ತೊಡಕನ್ನು ಮೊದಲೇ ಬಿಡಿಸಬೇಕು: ಲೋಕಸಭೆ ವಿಸರ್ಜನೆಯಾದ ದಿನ ಆ ಸಮಿತಿಯೂ ಇಲ್ಲವಾಗುತ್ತದೆ. ಚುನಾವಣೆಯ ನಡುವೆ ಉಸ್ತುವಾರಿ ಸರ್ಕಾರ ಸಾಲಕ್ಕೆ ಕೈಯೊಡ್ಡಿದರೆ ಕಾಗದ ಕೇಳುವವರು ಯಾರು ಎಂಬುದನ್ನು ಅದೇ ಕಲಂ ಹೇಳಬೇಕು. ಆ ಅವಧಿಗೆ ರಾಜ್ಯಸಭೆಯ ಸದಸ್ಯರದೇ ಒಂದು ಸಮಿತಿಯನ್ನು ಗೊತ್ತುಮಾಡಬಹುದು.